ಹನ್ನೆರಡು ಸುತ್ತಿನ ಕೊಸರು

"ತಪ್ಪು ನಂದೇ ಕಣಣ್ಣ," ಎಂದು ನಿಂಗರಾಜು ಮೋಟಾರು ನಡೆಸುವ, ಸುಟ್ಟುಹೋದ ಮೂರು ಡ್ರೈವ್ ಬೋರ್ಡುಗಳನ್ನೂ ಟ್ರಾನ್ಸ್‌ಫಾರ್ಮರನ್ನೂ ಶಿವಸ್ವಾಮಿಯ ಮೇಜಿನ ಮೇಲಿಟ್ಟ. "ಎಲ್ಲೋ ಒಂದು ವೈರು ಅದಲು ಬದಲು ಮಾಡಿವ್ನಿ. ನಿಮ್ಮ ಟ್ರಾನ್ಸ್‌ಫಾರ್ಮರ್ ಏನೂ ಆಗಿಲ್ಲ, ಬೇರೆ ಯಾರ್ಗಾದ್ರೂ ಕೊಟ್ಬುಡಿ. ನಂಗಿದು ಸಾಕು."

ನಿಂಗರಾಜು ತಾಂಡ್ಯದ ಕಾರ್ಖಾನೆಯೊಂದರಲ್ಲಿ ಫಿಟ್ಟರ್. ಟಿ. ನರಸೀಪುರದ ತನ್ನ ಮನೆಯ ಹಿಂಬದಿಯಲ್ಲಿ, ಹಳೆಯ ಕಂಪ್ಯೂಟರೊಂದು ಹೇಳಿದ ಹಾಗೆ ಮರ ಕೆತ್ತುವ ಯಂತ್ರವನ್ನು ಮೂರು ವರ್ಷದಿಂದ ತಾನೇ ಕಟ್ಟುತ್ತಿದ್ದ. ಅದು ಮೊದಲ ಸಲ ನಡೆದ ವಾರ, ಹೆಂಡತಿಯ ಹೆಸರು ಕೆತ್ತಿದ ಬೇವಿನ ಹಲಗೆಯೊಂದನ್ನು ಬಸ್ಸಿನಲ್ಲಿ ತಂದು ನಂಜನಗೂಡಿನ ಈ ವೈಂಡಿಂಗ್ ಅಂಗಡಿಯಲ್ಲಿ ತೋರಿಸಿ ಹೋಗಿದ್ದ. ಅದಕ್ಕೂ ಮುಂಚೆ, ಯಂತ್ರಕ್ಕೆ ಬೆಂಗಳೂರಿನಿಂದ ರೆಡಿಮೇಡ್ ಟ್ರಾನ್ಸ್‌ಫಾರ್ಮರ್ ತರಿಸುತ್ತೇನೆ ಎಂದವನನ್ನು ತಡೆದು, ನಾನಿಲ್ಲವೇನೋ ಎಂದು ತಾಮ್ರದ ತಂತಿ ಸುತ್ತಿ ಮಾಡಿಕೊಟ್ಟವನು ಶಿವಸ್ವಾಮಿಯೇ.

ನಿಂಗರಾಜು ಹೋದ ಮೇಲೆ ಶಿವಸ್ವಾಮಿ ಟ್ರಾನ್ಸ್‌ಫಾರ್ಮರಿಗೆ ಮೀಟರು ಹಚ್ಚಿದ. ಮೂವತ್ತಾರು. ನಿಂಗರಾಜು ಚೀಟಿಯಲ್ಲಿ ಬರೆದುಕೊಟ್ಟಿದ್ದು ಮೂವತ್ತೆರಡು ವೋಲ್ಟು. ಅದು ಡಿ.ಸಿ. ಆಗುವಾಗ ನಲವತ್ತೈದಕ್ಕೆ ಏರುತ್ತದೆ, ಬೋರ್ಡು ತಡೆಯುವುದು ಐವತ್ತೇ, ಜಾಸ್ತಿ ಬೇಡ ಎಂದು ಬಾಯಲ್ಲೂ ಹೇಳಿದ್ದ. ಆದರೆ ಇಪ್ಪತ್ತು ವರ್ಷದಿಂದ ಶಿವಸ್ವಾಮಿ ಹಳ್ಳಿ ಕಡೆಯವರಿಗೆ ಅಳತೆಗಿಂತ ಒಂದಿಷ್ಟು ಸುತ್ತು ಹೆಚ್ಚೇ ಹಾಕಿಕೊಡುತ್ತಿದ್ದ. ಸೊಪ್ಪಿನವಳು ಕಟ್ಟಿನ ಮೇಲೊಂದು ಹಿಡಿ ಹಾಕಿದ ಹಾಗೆ. ಅಲ್ಲಿ ಕರೆಂಟು ಯಾವಾಗಲೂ ಕಮ್ಮಿ, ಬಡಪಾಯಿಗಳಿಗೆ ಸಾಲದೆ ಬರಬಾರದು ಎಂಬ ಕಕ್ಕುಲಾತಿ. ನಿಂಗರಾಜುವಿಗೂ ಹನ್ನೆರಡು ಸುತ್ತು ಕೊಸರು ಬಿದ್ದಿತ್ತು. ತಿಂಗಳೊಪ್ಪತ್ತು ಯಂತ್ರ ಚೆನ್ನಾಗಿಯೇ ಓಡಿತು. ಆಮೇಲೆ ಒಂದು ಮಧ್ಯಾಹ್ನ ಮಳೆ ಬಂದು, ಸುತ್ತಲಿನ ಪಂಪ್‌ಸೆಟ್ಟುಗಳೆಲ್ಲ ನಿಂತು, ಲೈನಿನಲ್ಲಿ ಕರೆಂಟು ಪೂರಾ ಬಂತು; ಬೋರ್ಡಿಗೆ ಹೋದದ್ದು ಐವತ್ತು ದಾಟಿತು.

ನಿಂಗರಾಜುವಿಗೆ ಫೋನು ಮಾಡಲು ಶಿವಸ್ವಾಮಿ ಮೂರು ಸಲ ಕೈ ಹಾಕಿದ. ತನ್ನದೇ ತಪ್ಪು ಎಂದು ಅವನೇ ಒಪ್ಪಿಕೊಂಡಿರುವಾಗ ನಾನ್ಯಾಕೆ ಎಂಬ ಮಾತು ಒಳಗೆ ಬಂದಿತು, ಬಂದದ್ದಕ್ಕೇ ನಾಚಿಕೆಯಾಯಿತು. ಎಂಟನೆಯ ದಿನ, ಭಾನುವಾರ, ಸುತ್ತು ಬಿಚ್ಚಿ ಸರಿಮಾಡಿದ ಟ್ರಾನ್ಸ್‌ಫಾರ್ಮರನ್ನು ಚೀಲದಲ್ಲಿಟ್ಟುಕೊಂಡು ನರಸೀಪುರದ ಬಸ್ಸು ಹತ್ತಿದ.

ನಿಂಗರಾಜುವಿನ ಹೆಂಡತಿ ಪುಟ್ಟಲಕ್ಷ್ಮಿ ಬಾಗಿಲು ತೆಗೆದಳು. "ನೀವಾದ್ರೂ ಯೋಳಿ ಅಣ್ಣ," ಎಂದಳು ತಗ್ಗಿದ ದನಿಯಲ್ಲಿ. "ರಾತ್ರಿಯೆಲ್ಲಾ ಎದ್ದು ಕೂತ್ಕತದೆ. ತನ್ನ ಕೈಯೇ ಸರಿಯಿಲ್ಲ ಅಂತದೆ. ನಿನ್ನೆ ಮಿಸೀನೆಲ್ಲಾ ಬಿಚ್ಚಿ ಗೋಣಿಚೀಲಕ್ಕೆ ತುಂಬ್ಬುಡ್ತು. ನಾಳೆ ಗುಜರಿಯೋನು ಬತ್ತನೆ."

ನಿಂಗರಾಜು ಹಿತ್ತಲಲ್ಲಿ ಕೂತಿದ್ದ. ಶಿವಸ್ವಾಮಿ ಚೀಲದಿಂದ ಟ್ರಾನ್ಸ್‌ಫಾರ್ಮರನ್ನು ತೆಗೆದು ಅವನ ಮುಂದಿಟ್ಟ.

"ವೈರು ಸರಿಯಾಗೇ ಆಕಿದ್ದೆ ಕಣೋ ನೀನು," ಎಂದ. "ಸುತ್ತು ಜಾಸ್ತಿ ಆಕಿದ್ದು ನಾನು. ನೀನು ಬಂದ ದಿನಾನೇ ಗೊತ್ತಾಯ್ತು."

ನಿಂಗರಾಜು ತಲೆಯೆತ್ತಿ ನೋಡಿದ. "ಆವತ್ತೇವಾ?"

"ಊಂ."

"ಎಂಟು ದಿನ ಅಣ್ಣ," ಎಂದ.

ಎದ್ದು ಗೋಣಿಚೀಲದ ಬಾಯಿ ಬಿಚ್ಚಿದ. ಕಬ್ಬಿಣದ ಸರಳೊಂದನ್ನು ಹೊರಗೆಳೆದು ಲುಂಗಿಯ ಅಂಚಿನಿಂದ ಒರೆಸಿ ನೆಲದ ಮೇಲಿಟ್ಟ. ಪಕ್ಕಕ್ಕೆ ಇನ್ನೊಂದನ್ನಿಟ್ಟು, ಒಂದು ಕಣ್ಣು ಮುಚ್ಚಿ ನೇರ ನೋಡಿದ. ಬೋಲ್ಟು ತೂರಿಸಿ ನಟ್ಟಿಗಾಗಿ ತಡಕಾಡತೊಡಗಿದ. ಶಿವಸ್ವಾಮಿ ಕುಕ್ಕರುಗಾಲಲ್ಲಿ ಕೂತು, ಉರುಳಿ ಬಂದ ನಟ್ಟೊಂದನ್ನು ಎತ್ತಿ ಅವನ ಕಡೆ ಚಾಚಿದ.

ನಿಂಗರಾಜು ಅದನ್ನು ನೋಡಿದ. ಚೀಲದೊಳಗೆ ಕೈಹಾಕಿ ಬೇರೊಂದನ್ನು ಹುಡುಕಿಕೊಂಡು ತಿರುಗಿಸುತ್ತ ಕೂತ. ಶಿವಸ್ವಾಮಿ ಕೈ ಹಿಂದಕ್ಕೆಳೆದುಕೊಳ್ಳಲಿಲ್ಲ. ಅಂಗೈಯಲ್ಲಿ ನಟ್ಟು ನಿಧಾನಕ್ಕೆ ಬೆಚ್ಚಗಾಗುತ್ತಿತ್ತು.