ಎಳ್ಳಮಾಸಿಯ ಹತ್ತೊಂಬತ್ತು ಚಿಗರಿ

ಘಾಟಬೋರಾಳದ ಎರೆಹೊಲಗಳಲ್ಲಿ ಚಿಗರಿ ಜಿಂಕೆಗಳನ್ನು ಎಣಿಸಲು ಹುಮನಾಬಾದಿನ ವಿಜ್ಞಾನ ಮಾಸ್ತರ ನಾಗನಾಥ ಒಂದೇ ಕ್ರಮ ಇಟ್ಟುಕೊಂಡಿದ್ದ: ಡಿಸೆಂಬರಿನ ಕೊನೆಯ ಭಾನುವಾರ, ಅದೇ ಬಂಡಿದಾರಿ, ಹೊತ್ತು ಹುಟ್ಟಿದ ಮೇಲೆ ಎರಡು ತಾಸು. ಅವನೂ ಡ್ರಾಯಿಂಗ್ ಮಾಸ್ತರ ಮಹೆಬೂಬನೂ ಒಬ್ಬರಿಗೊಬ್ಬರು ಹೇಳದೆ ಎಣಿಸುವರು. ಕಂಡ ಒಂದೊಂದು ಚಿಗರಿಗೆ ಒಂದೊಂದು ಹುಣಸೆಬೀಜ ಎಡಜೇಬಿನಿಂದ ಬಲಜೇಬಿಗೆ. ಮೊದಲ ವರ್ಷ ಅರವತ್ತೆರಡು, ಆಮೇಲೆ ಐವತ್ತೇಳು, ಐವತ್ತು. ಈ ಸಲ, ೧೯೬೭ರಲ್ಲಿ, ಇಬ್ಬರಿಗೂ ಹತ್ತೊಂಬತ್ತೇ.

"ಬರದು ಕಳಸ್ರಿ ನಾಗನಾಥ್ರೇ," ಎಂದ ಮಹೆಬೂಬ. "ಇದನ್ನ ನೋಡಿದ್ರ ಸರಕಾರದವ್ರು ಜೀಪಿನ ಶಿಕಾರಿ ನಾಳಿಗೇ ಬಂದ್ ಮಾಡ್ತಾರ."

ನಾಗನಾಥ ಮೂರು ವರ್ಷ ದುಡಿದದ್ದು ಅದಕ್ಕಾಗಿಯೇ.

ಬದುವಿನ ಮೇಲೆ ಹಬ್ಬದ ಕಾಳುಪಲ್ಯೆ ಭಜ್ಜಿ ಬಡಿಸುತ್ತಿದ್ದ ಗಯಾಬಾಯಿ ನಕ್ಕಳು. ಮೂವತ್ತು ವರ್ಷ ಅದೇ ಹೊಲಗಳಲ್ಲಿ ಜೋಳ ಕಾದ ಕೂಲಿಯಾಕೆ.

"ಮಾಸ್ತರ್ರೇ, ಇವತ್ತ ಎಳ್ಳಮಾಸಿ. ಊರಿಗೂರೇ ಭೂಮ್ತಾಯಿಗೆ ಎಡಿ ಹಿಡದು ಚರಗ ಚೆಲ್ಲಾಕ ಹೊಲಕ್ಕ ಬಂದದ. ಚಿಗರಿಗೂ ಊಟಕ್ಕ ಹೇಳಿದ್ರೇನು?"

"ಹೊತ್ತು ಹುಟ್ಟೂವಾಗ ಯಾರಿದ್ರಕ್ಕಾ?" ಎಂದ ನಾಗನಾಥ.

"ಕೋಳಿ ಕೂಗೂದ್ರಾಗೇ ಬಂಡಿ ಕಟ್ಟೀವಿ. ಎತ್ತಿನ ಗೆಜ್ಜಿ ಸಪ್ಪಳಕ್ಕ ಗುಡ್ಡದ ಕಡಿ ಓಡಿದ್ವು. ಸತ್ತಿಲ್ರೀ, ಸರದಾವ."

ಭಾನುವಾರ ತಪ್ಪಬಾರದೆಂಬ ಹಟದಲ್ಲಿ ನಾಗನಾಥ ಆ ದಿನವೇ ಎಳ್ಳು ಅಮಾವಾಸ್ಯೆ ಬಿದ್ದದ್ದನ್ನು ಲೆಕ್ಕಕ್ಕೇ ಹಿಡಿದಿರಲಿಲ್ಲ.

"ನಾವೇನ್ ಸುಳ್ಳು ಹೇಳಾಕತ್ತೀವೇನು? ಕಣ್ಣಾರೆ ಎಣಿಸೀವಿ," ಎಂದ ಮಹೆಬೂಬ.

"ಎಣಿಕಿ ಖರೇ ಸಾಬ್ರೇ. ಚಿಗರಿ ಇಷ್ಟ ಉಳದಾವ ಅನ್ನೂದು ಖರೇ ಅಲ್ಲ," ಎಂದಳು ಗಯಾಬಾಯಿ.

ಮುಂದಿನ ಭಾನುವಾರ ಮತ್ತೆ ಅದೇ ದಾರಿ ನಡೆದರು. ಹೊಲಗಳು ಖಾಲಿಯಿದ್ದವು; ಹಿಂಡು ಗುಡ್ಡದಿಂದಿಳಿದು ಕಡಲೆ ಮೇಯುತ್ತಿತ್ತು. ನಾಗನಾಥನಿಗೆ ನಲವತ್ನಾಲ್ಕು, ಮಹೆಬೂಬನಿಗೆ ನಲವತ್ಮೂರು. ಎರಡನ್ನೂ ಬರೆದುಕೊಂಡರು.

"ಬರೇ ಆರೇಳು ಕಮ್ಮಿಯಾದ್ರ ಸರಕಾರದಾಗ ಯಾರ ಎದ್ದು ಕುಂಡ್ರತಾರ್ರಿ?" ಮಹೆಬೂಬನ ಮುಖ ಸಣ್ಣದಾಗಿತ್ತು.

"ವರ್ಷಾ ವರ್ಷಾ ಇಳದೇ ಬಂದಾವಲ್ಲ, ಅಷ್ಟು ಸಾಕು. ಹತ್ತೊಂಬತ್ತಂತ ಬರದಿದ್ರ ಶಿಕಾರಿಯವ್ರು ನಲವತ್ತು ತೋರಿಸಿ ನಮ್ಮ ಹಳೀ ಎಣಿಕಿನೂ ಸುಳ್ಳು ಮಾಡ್ತಿದ್ರು. ಈಗ ಬಂದು ಎಣಿಸ್ಲಿ, ನೋಡೂಣು."

ನಾಗನಾಥ ಕೂತು ಸರಕಾರಕ್ಕೆ ನಾಲ್ಕೂ ವರ್ಷದ ಎಣಿಕೆ ಬರೆದ. ಎಳ್ಳಮಾಸಿಯ ಹತ್ತೊಂಬತ್ತನ್ನೂ ಮುಚ್ಚಿಡದೆ, ಯಾಕೆ ಅದನ್ನು ನಂಬಬಾರದೆಂದು ಪಕ್ಕದಲ್ಲೇ ವಿವರಿಸಿದ. ಮಹೆಬೂಬ ಹಾಳೆ ಎಳೆದುಕೊಂಡು ಕೆಳಗೆ ಬಂಡಿದಾರಿಯ ನಕ್ಷೆ ಬಿಡಿಸಿದ. ಅನುಮಾನವಿದ್ದವರು ಇದೇ ದಾರಿಯಲ್ಲಿ ಬಂದು ಎಣಿಸಬಹುದು ಎಂದು ಒಂದು ಸಾಲು ತಾನೇ ಸೇರಿಸಿ, ನಾಗನಾಥನಿಗಿಂತ ಮೊದಲು ಸಹಿ ಹಾಕಿದ.