ಮೊದಲ ಕತ್ತರಿ

೨೦೧೨ರ ಫೆಬ್ರುವರಿಯಲ್ಲಿ, ಪೋರ್ಚುಗಲ್ ದೇಶದ ಲಿಸ್ಬನ್ ಊರಿನ ಬಸ್‌ಸ್ಟ್ಯಾಂಡಿನಲ್ಲಿ, ಸಾವಕಾರ ಅಣ್ಣಾಸಾಬರ ಮಗ ವಿಶಾಲ ತಮ್ಮ ತೋಟದ ಆಳು ಭರಮೂನ ಪಾಸ್‌ಪೋರ್ಟ್ ಇಸಕೊಂಡ. ಅದನ್ನು ಕೂಲಿಗಳ ಗುತ್ತಿಗೆದಾರನೊಬ್ಬನಿಗೆ ಒತ್ತೆ ಕೊಟ್ಟು, ಅದರ ಬದಲಿಗೆ ತನ್ನ ಕಾಗದಪತ್ರ ಮಾಡಿಸಿಕೊಂಡ. ಪಾಸ್‌ಪೋರ್ಟ್ ಭರಮೂನ ಕೈಗೆ ಮರಳಿ ಬರಲಿಲ್ಲ.

ಭರಮು ದಿಗ್ಗೇವಾಡಿಯ ಕೇರಿಯವ. ಹೊಳೆ ದಾಟಿ, ಉಗಾರ ಖುರ್ದದ ಕಬ್ಬಿನ ಗಾಡಿಗಳ ಸಾಲು ಹಾಯ್ದು, ಕಾಗವಾಡದ ಕಡೆ ಇದ್ದ ಅಣ್ಣಾಸಾಬರ ದ್ರಾಕ್ಷಿ ತೋಟಕ್ಕೆ ಹದಿನಾಲ್ಕು ವರ್ಷ ಸೈಕಲ್ ತುಳಿದವ. ಬಳ್ಳಿ ಕತ್ತರಿಸುವ ಛಾಟಣಿ ಕೆಲಸದಲ್ಲಿ ಅವನ ಕೈ ಮೀರಿಸುವ ಕೈ ಆ ಸೀಮೆಯಲ್ಲಿರಲಿಲ್ಲ. ಏಪ್ರಿಲ್‌ನಲ್ಲಿ ಬಳ್ಳಿಯನ್ನು ಬೋಳು ಮಾಡಬೇಕು. ಅಕ್ಟೋಬರಿನಲ್ಲಿ ಕಡ್ಡಿಯಲ್ಲಿ ಚಿಗುರೊಡೆಯುವ ಕಣ್ಣು ಎಣಿಸಿ ಕತ್ತರಿಸಬೇಕು. ಒಂದು ಕಣ್ಣು ಹೆಚ್ಚುಕಮ್ಮಿಯಾದರೆ ಆ ವರ್ಷದ ಗೊಂಚಲು ಹೋದಂತೆಯೇ. ಕಣ್ಣು ಎಣಿಸುವುದನ್ನು ವಿಶಾಲನಿಗೆ ಕಲಿಸಿದವನೂ ಅವನೇ.

ಆದರೆ ಮೊದಲ ಕತ್ತರಿ ಅವನದಲ್ಲ. ಅಕ್ಟೋಬರ್ ಛಾಟಣಿ ಸುರುವಾಗುವ ದಿನ ತೋಟದ ಮೂಲೆಯ ಬಳ್ಳಿಗೆ ಅರಿಷಿಣ ಕುಂಕುಮ ಹಚ್ಚಿ, ಕಾಯಿ ಒಡೆದು, ಕತ್ತರಿಗೆ ಪೂಜೆ ಮಾಡುತ್ತಾರೆ. ಆ ಕತ್ತರಿಯನ್ನು ಹಿಂದಿನ ದಿನ ಮಸೆಯುವವನು ಭರಮು. ಒರೆಸಿ, ತಟ್ಟೆಯಲ್ಲಿಟ್ಟು, ಎರಡೂ ಕೈಯಿಂದ ಚಾಚಿ, ಹಿಂದೆ ಸರಿದು ನಿಲ್ಲುವವನೂ ಭರಮು. ಮೊದಲ ಕಡ್ಡಿಗೆ ಬೀಳುವುದು ಮಾಲಕನ ಕೈ. ಅಣ್ಣಾಸಾಬರು ಪ್ರತಿ ವರ್ಷ ತಪ್ಪದೇ ತಪ್ಪು ಕಣ್ಣಿನ ಮೇಲೆ ಕತ್ತರಿ ಹಾಕುತ್ತಿದ್ದರು. ಎಲ್ಲರೂ ಪ್ರಸಾದಕ್ಕೆ ಹೋದ ಮೇಲೆ ಭರಮು ಒಬ್ಬನೇ ಬಂದು ಆ ಬಳ್ಳಿಯನ್ನು ಸರಿಮಾಡುತ್ತಿದ್ದ. ಹದಿನಾಲ್ಕು ವರ್ಷ ಮಾಡಿದ. ಅವನಿಗೂ ಆ ಬಳ್ಳಿಗೂ ಬಿಟ್ಟರೆ ಯಾರಿಗೂ ಗೊತ್ತಾಗಲಿಲ್ಲ.

ಲಿಸ್ಬನ್ನಿಗೆ ಹೋಗುವ ವಿಮಾನದಲ್ಲಿ ವಿಶಾಲ ಮೊದಲ ಸಲ ಅವನನ್ನು "ಕಾಕಾ" ಎಂದ. ಅಲ್ಲಿಯವರೆಗೆ "ಲೇ ಭರಮ್ಯಾ" ಆಗಿತ್ತು. "ಕಾಕಾ, ಅಲ್ಲಿ ಕಣ್ಣ ಹಾಯೂ ಮಟಾ ದ್ರಾಕ್ಷಿ ಐತಿ. ನೀ ಕೈ, ನಾ ಬಾಯಿ. ಇಬ್ಬರೂ ಕೂಡೇ ಮ್ಯಾಲ ಬರೂಣು." ಊಟ ಬಂತು. ಸಾವಕಾರನ ಮಗನ ಮುಂದೆ ಯಾವ ತಟ್ಟೆಯೋ ಭರಮೂನ ಮುಂದೆಯೂ ಅದೇ ನಮೂನೆಯ ತಟ್ಟೆ. ಮಗ್ಗುಲಲ್ಲಿ ಕೂತು ಉಂಡಾಗ ಅವನಿಗೆ ಅನ್ನಿಸಿತ್ತು: ನೆಲ ಬಿಟ್ಟರೆ ಮನುಷ್ಯನ ಹೊಲಸೂ ಬಿಡುತ್ತದೆ. ಹಾಗಾಗಿ ಬಸ್‌ಸ್ಟ್ಯಾಂಡಿನಲ್ಲಿ "ಕಾಕಾ, ಶಿಕ್ಕಾ ಹೊಡಿಸ್ಕೊಂಡ ಬರ್ತೀನಿ, ಪಾಸ್‌ಪೋರ್ಟ್ ಕೊಡು" ಎಂದಾಗ ಎರಡೂ ಕೈಯಿಂದ ಎತ್ತಿ ಕೊಟ್ಟ. ತಟ್ಟೆಯಲ್ಲಿ ಕತ್ತರಿ ಕೊಟ್ಟಂತೆ.

ಎರಡು ವರ್ಷ ಪ್ಲಾಸ್ಟಿಕ್ ಹೊದಿಸಿದ ಶೆಡ್ಡುಗಳಲ್ಲಿ ಹಣ್ಣು ಬಿಡಿಸಿದ. ಒಂದು ಖೋಲಿಯಲ್ಲಿ ಹದಿನಾರು ಮಂದಿ. ಬಿಟ್ಟು ಹೋಗುತ್ತೇನೆ ಎಂದರೆ ಗುತ್ತಿಗೆದಾರ ನಗುತ್ತಿದ್ದ. ಹೆಸರಿಲ್ಲದವ ಎಲ್ಲಿಗೆ ಹೋದಾನು? ಒಂದು ದಿನ ಭರಮು ಹೋಗೇ ಬಿಟ್ಟ. ಊರಿಂದೂರಿಗೆ ನಡೆದ. ಒಂದು ಗುಡ್ಡದ ಇಳಿಜಾರಿನಲ್ಲಿ ದ್ರಾಕ್ಷಿ ಬಳ್ಳಿ ಕಂಡವು, ಅಲ್ಲಿ ನಿಂತ.

ತೋಟದೊಡತಿ ಎಪ್ಪತ್ತು ದಾಟಿದ ಮುದುಕಿ, ಗಂಡ ಸತ್ತವಳು. ಕಳೆ ತೆಗೆಯಲು ಇಟ್ಟುಕೊಂಡಳು. ಏಪ್ರಿಲ್ ಬಂತು. ಬಳ್ಳಿಗಳು ಚಿಗುರಿ ನಿಂತರೂ ಯಾರೂ ಕತ್ತರಿ ಮುಟ್ಟಲೊಲ್ಲರು. ಭರಮೂನ ಜೀವ ಚಡಪಡಿಸಿತು. ಮುದುಕಿ ಪೇಟೆಗೆ ಹೋದ ದಿನ ಕೊಟ್ಟಿಗೆಯ ಕತ್ತರಿ ತಂದು ಎರಡು ಸಾಲು ಬೋಳು ಮಾಡಿ, ಬೆವರು ಒರೆಸಿಕೊಂಡು, ಶಾಬಾಸಕಿಗೆ ಕಾದು ಕೂತ. ಆ ದೇಶದಲ್ಲಿ ವರ್ಷಕ್ಕೆ ಒಂದೇ ಛಾಟಣಿ, ಅದೂ ಚಳಿಗಾಲದಲ್ಲಿ ಎಂದು ಅವನಿಗೆ ಯಾರು ಹೇಳಬೇಕು? ಮುದುಕಿ ನೆಲಕ್ಕೆ ಬಿದ್ದ ಸಾಸಿವೆಯಂಥ ಹೂಗೊಂಚಲುಗಳನ್ನು ಆರಿಸಿ ಆರಿಸಿ ಅತ್ತಳು. ಬೈದಳು. ಆಮೇಲೆ ಬಳ್ಳಿಯ ಗಾಯಗಳ ಮೇಲೆ ಬೆರಳಾಡಿಸಿ ನೋಡಿದಳು. ಒಂದು ಗಾಯವೂ ಸೀಳಿರಲಿಲ್ಲ. ಅವನನ್ನು ಓಡಿಸಲಿಲ್ಲ.

ಮುಂದಿನ ಜನವರಿಯಲ್ಲಿ ಆಕೆಯೇ ಕತ್ತರಿ ತಂದು ಅವನ ಕೈಗಿಟ್ಟು, ಸಾಲಿನ ಮೊದಲ ಬಳ್ಳಿ ತೋರಿಸಿದಳು. ಭರಮು ಕತ್ತರಿಯನ್ನು ಎರಡೂ ಕೈಯಿಂದ ಆಕೆಯ ಮುಂದೆ ಚಾಚಿದ. ಆಕೆಗೆ ತಿಳಿಯಲಿಲ್ಲ, ತಿರುಗಿ ಅವನತ್ತ ತಳ್ಳಿದಳು. ಇವನು ಮತ್ತೆ ಚಾಚಿದ. ಆ ಮಂಜಿನಲ್ಲಿ ಇಬ್ಬರೂ ಒಂದು ಕತ್ತರಿಯನ್ನು ಅತ್ತಿತ್ತ ದಬ್ಬುತ್ತ ನಿಂತರು. ಕೊನೆಗೆ ಮುದುಕಿ ಹೊಟ್ಟೆ ಹಿಡಿದುಕೊಂಡು ನಕ್ಕಳು. ನಲವತ್ತೊಂದನೇ ವಯಸ್ಸಿನಲ್ಲಿ ಭರಮು ಒಂದು ತೋಟದ ಮೊದಲ ಕಡ್ಡಿಯನ್ನು ತಾನೇ ಕತ್ತರಿಸಿದ. ಸರಿಯಾದ ಕಣ್ಣಿನ ಮೇಲೆ.

ಆ ಖುಷಿಯಲ್ಲಿ ಮುದುಕಿಯ ಜೋಡಿ ನಿಂತು ಫೋಟೋ ತೆಗೆಸಿ ಊರಿಗೆ ಕಳಿಸಿದ. ಅದೇ ಅವನ ಕುತ್ತಿಗೆಗೆ ಬಂತು. ಅಷ್ಟರಲ್ಲಿ ವಿಶಾಲ ಊರಿಗೆ ಬಂದು, 'ಭರಮು ಎಲ್ಲಿ' ಎಂದವರಿಗೆಲ್ಲ ಒಂದು ಕತೆ ಹೇಳಿಟ್ಟಿದ್ದ: ಬಿಳಿ ಹೆಂಗಸನ್ನು ಕಟ್ಟಿಕೊಂಡ, ನಮ್ಮನ್ನೆಲ್ಲ ಮರೆತ. ಫೋಟೋ ಆ ಕತೆಗೆ ಸಾಕ್ಷಿಯಾಯಿತು. ಪ್ಯಾಂಟು ತೊಟ್ಟ, ಟೊಪ್ಪಿಗೆಯ ನೆರಳಲ್ಲಿ ಮುಖ ಕಾಣದ, ಹೆಗಲ ಮೇಲೆ ಕೈ ಹಾಕಿದ ಹೆಂಗಸಿಗೆ ಎಪ್ಪತ್ತೋ ಮೂವತ್ತೋ ಯಾರು ಕೇಳುತ್ತಾರೆ? ಭರಮೂನ ಹೆಂಡತಿ ಸುಂದ್ರವ್ವ ತಾಳಿ ಬಿಚ್ಚಿ ಅತ್ತೆಯ ಉಡಿಗೆ ಹಾಕಿ ಸದಲಗಾದ ತವರಿಗೆ ಹೋದಳು. ಆಮೇಲೆ ಅವನ ಫೋನು ಎತ್ತಲಿಲ್ಲ.

ಮುದುಕಿ ಬರೆದುಕೊಟ್ಟ ಕಾಗದದ ಮೇಲೆ ಅವನಿಗೆ ಆ ದೇಶದಲ್ಲಿ ಇರಲು ಪರವಾನಗಿ ಸಿಕ್ಕಿತು. ಅದಕ್ಕೂ ಮೊದಲು ಹೊಸ ಪಾಸ್‌ಪೋರ್ಟಿಗೆ ಅರ್ಜಿ ಹಾಕುವಾಗ, ಹಳೆಯದು ಏನಾಯಿತು ಎಂದು ಬರೆಯಬೇಕಿತ್ತು. ಕಸಿದವನ ಹೆಸರು ಬರೆಯಲು ಕೈ ಏಳಲಿಲ್ಲ. ಏಳು ಸಮುದ್ರದ ಆಚೆಯೂ ಅದು ಸಾವಕಾರರ ಮನೆಯ ಹೆಸರು. 'ಕಳೆದುಹೋಗಿದೆ' ಎಂದು ಬರೆದು ಸಹಿ ಮಾಡಿದ. ಎರಡು ವರ್ಷದ ಪ್ಲಾಸ್ಟಿಕ್ ಶೆಡ್ಡಿಗಿಂತ ಆ ಒಂದು ಸಹಿ ಅವನನ್ನು ಹೆಚ್ಚು ಸುಟ್ಟಿತು.

೨೦೧೮ರ ಅಕ್ಟೋಬರಿನಲ್ಲಿ ಅವನು ದಿಗ್ಗೇವಾಡಿಗೆ ಬಂದ. ಮೂರನೇ ದಿನ ಅಣ್ಣಾಸಾಬರ ಜೀಪು ಕೇರಿಯೊಳಗೆ ಬಂತು. ಹದಿನಾಲ್ಕು ವರ್ಷ ದುಡಿಸಿಕೊಂಡಾಗ ಬಾರದ ಜೀಪು. ಭರಮೂನ ತಾಯಿ ತುಳಸವ್ವ ಚಾ ತಂದುಕೊಟ್ಟಳು. ಸಾವಕಾರರು ಕಪ್ಪನ್ನು ಇಸಕೊಂಡು ಕಟ್ಟೆಯ ಮೇಲಿಟ್ಟರು. ಅದು ಅಲ್ಲೇ ಕೆನೆಗಟ್ಟಿತು.

"ಭಾಳ ಬೆಳ್ಳಗಾಗಿ ಬಂದಿ ಬಿಡಪಾ. ಗುರ್ತ ಹತ್ತಲಿಲ್ಲ."

"ಚಳಿಗಿ ಆಗೇನ್ರಿ. ನಾಕ ದಿನ ಬಿಸಲಿಗಿ ಹಾಕ್ರಿ, ಮೊದಲಿನಂಗ ಆಗ್ತೀನಿ."

ಅಣ್ಣಾಸಾಬರು ನಕ್ಕರು. "ನಾಡದು ಛಾಟಣಿ ಸುರು. ಈ ವರ್ಷ ಮೊದಲ ಕತ್ತರಿ ನಿಂದು."

ತುಳಸವ್ವನ ಕೈ ಬಾಯಿಗೆ ಹೋಯಿತು.

"ಮತ್ತೇನಿಲ್ಲ," ಎಂದರು ಸಾವಕಾರರು. "ವಿಶಾಲ ಚಿಕ್ಕೋಡ್ಯಾಗ ಆಫೀಸ ಹಾಕ್ಯಾನ. ಹನ್ನೊಂದ ಮಂದೀನ ನೀ ಇರೂ ದೇಶಕ್ಕ ಕಳಸಾಕತ್ತಾನ. ಪಾಸ್‌ಪೋರ್ಟ್ ಎಲ್ಲಾ ಅವನ ಕಡೇನ ಅದಾವ. ನೀ ಬಂದಿ ಅಂತ ಕೇಳಿ ಮಂದಿ ಹಿಂದ ಮುಂದ ನೋಡಾಕತ್ತೈತಿ. ನೀ ಕಡ್ಡಿ ಕತ್ತರಿಸಿ ಒಂದ ಮಾತ ಅನ್ನು, 'ವಿಶಾಲ ನನಗ ದಾರಿ ಮಾಡಿ ಕೊಟ್ಟ' ಅಂತ. ಆಮ್ಯಾಲ ಅವನೂ ಒಂದ ಮಾತ ಅಂತಾನ, 'ಭರಮೂಂದು ಆ ಹೆಂಗಸಿನ ಸುದ್ದಿ ಸುಳ್ಳು' ಅಂತ. ಸುಂದ್ರವ್ವಗೂ ಹೇಳಿ ಕಳಸೇನಿ. ಬರ್ತಾಳ."

ಭರಮು ತಲೆ ಎತ್ತಿದ. "ಹಂಗಾರ ಅದು ಸುಳ್ಳ ಅಂತ ನಿಮಗ ಗೊತ್ತಿತ್ತೇನ್ರಿ?"

"ಹುಡುಗುರ ಬುದ್ಧಿ. ಈಗ ಅದನ್ನ ಯಾಕ ಕೆದಕತಿ?"

ಜೀಪು ಹೋದ ಮೇಲೆ ತುಳಸವ್ವ ತಣ್ಣಗಾದ ಚಾವನ್ನು ಚೆಲ್ಲಲಾರದೆ ತಾನೇ ಕುಡಿದಳು. "ಕತ್ತರಿಸಿ ಬಿಡ ಮಗಾ. ನಾಕ ವರ್ಷಾತು, ನೀರಿಗಿ ಹೋದ್ರ 'ಮೇಡಮ್ಮನ ಅತ್ತಿ ಬಂದ್ಳು, ಹಾದಿ ಬಿಡ್ರಿ' ಅಂತಾರ. ನಿನ್ನ ಸಂಸಾರ ಹೊಳ್ಳಿ ಬರತೈತಿ. ಒಂದ ಮಾತಿಂದೇನ?"

"ನೀನೂ ನಂಬಿದ್ದೇನ ಯವ್ವಾ?"

ತುಳಸವ್ವ ಕಪ್ಪಿನ ಅಂಚು ಒರೆಸಿದಳು. "ಫೋಟೋದಾಗ ನಗಾಕತ್ತಿದ್ದೆಲ್ಲೋ ಯಪ್ಪಾ. ಇಲ್ಲಿ ನೀ ಹಂಗ ನಕ್ಕಿದ್ದು ನಾ ನೋಡೇ ಇರಲಿಲ್ಲ. ಹೆಂಗ ನಂಬಬಾರದು?"

ಅಂಗಳದಲ್ಲಿ ಬಟ್ಟೆ ಒಗೆಯುತ್ತಿದ್ದ ಪೂನಮ ಎದ್ದು ಬಂದಳು. ಭರಮೂನ ತಂಗಿಯ ಮಗಳು. ಹನ್ನೊಂದು ಮಂದಿಯಲ್ಲಿ ಅವಳೂ ಒಬ್ಬಳು. ಬಂದ ರಾತ್ರಿಯೇ ಭರಮು ಬಸ್‌ಸ್ಟ್ಯಾಂಡಿನ ಸಂಗತಿಯನ್ನು ಮನೆಯಲ್ಲಿ ಹೇಳಿದ್ದ.

"ಮಾಮಾ, ನೀ ಅಲ್ಲಿ ಬಾಳೇ ಮಾಡ್ದಿ, ನಾ ಹೊಂಟ್ರ ಬ್ಯಾಡ ಅಂತಿ?"

"ಹೋಗಬ್ಯಾಡ ಅಂದ್ನೇನವಾ? ಹೋಗು. ಅಲ್ಲಿ ನೆಲ ಯಾರ ಕೇರಿ ಅಂತ ಕೇಳೂದಿಲ್ಲ. ನಿನ್ನ ಪಾಸ್‌ಪೋರ್ಟ್ ನಿನ್ನ ಎದಿಗಿ ಕಟಗೊಂಡ ಹೋಗು."

"ನಾ ಏನ್ ನಿನ್ನಂಗ ಎರಡೂ ಕೈಲೆ ಎತ್ತಿ ಕೊಟ್ಟಿಲ್ಲ. ಪಾವತಿ ಇಸ್ಕೊಂಡೇನಿ."

"ತಿರಗಿ ಯಾವಾಗ ಕೊಡ್ತಾರ ಅಂತ ಅದರಾಗ ಬರದೈತೇನು?"

ಪೂನಮ ಪಾವತಿ ಚೀಟಿ ತಂದು ಓದಿದಳು. ಹೊರಳಿಸಿ ನೋಡಿದಳು. ಹಿಂದೆ ಖಾಲಿ ಇತ್ತು.

ಛಾಟಣಿಯ ದಿನ ಹೊತ್ತು ಏರುವ ಮೊದಲೇ ತೋಟ ತುಂಬಿತ್ತು. ಹನ್ನೊಂದು ಮಂದಿಯನ್ನು ಹೊಸ ಅಂಗಿಯಲ್ಲಿ ಸಾಲಾಗಿ ನಿಲ್ಲಿಸಿದ್ದರು. ವಿಶಾಲನ ಬಗಲಲ್ಲಿ ಕರಿ ಬ್ಯಾಗು. ಔಷಧ ಕಲಸುವ ಟಾಕಿಯ ಹತ್ತಿರ, ಹೆಂಗಸರ ಹಿಂದೆ, ಸೆರಗು ಹೊದ್ದು ಸುಂದ್ರವ್ವ ನಿಂತಿದ್ದಳು. ನಿಜವಾಗಿಯೂ ಬಂದಿದ್ದಳು. ಆರು ವರ್ಷಕ್ಕೆ ಭರಮು ಆ ಮುಖ ಕಂಡ.

"ಬಾ ಕಾಕಾ," ಎಂದ ವಿಶಾಲ.

ಅದೇ ದನಿ. ಅದೇ ಕಾಕಾ.

ಸಾವಕಾರರ ಹೆಂಡತಿ ಗೌರಾಬಾಯಿ ತಟ್ಟೆ ಚಾಚಿದಳು. ಜೀವಮಾನದಲ್ಲಿ ಮೊದಲ ಸಲ ಆ ತಟ್ಟೆ ಅವನ ಕಡೆಗೆ ಬಂತು. ಭರಮು ಕತ್ತರಿ ಎತ್ತಿಕೊಂಡ. ಅಲಗಿನ ಮೇಲೆ ಹೆಬ್ಬೆರಳು ಆಡಿಸಿದ. ಯಾರೂ ಮಸೆದಿರಲಿಲ್ಲ. ಬಳ್ಳಿ ನೋಡಿದ. ಕತ್ತರಿಸಬೇಕಾದ ಕಣ್ಣು ಒಂದೇ ನೋಟಕ್ಕೆ ಕಂಡಿತು. ಕೈ ತಾನಾಗಿಯೇ ಅಲ್ಲಿಗೆ ಹೋಯಿತು. ಇಷ್ಟೇ. ಒಂದು ಕಡ್ಡಿ, ಒಂದು ಮಾತು. ಸಂಜೆಗೆ ಸುಂದ್ರವ್ವ ಮನೆಯಲ್ಲಿರುತ್ತಾಳೆ.

"ಕತ್ತರಸಪಾ, ಹೊತ್ತ ಮೀರತೈತಿ," ಎಂದರು ಅಣ್ಣಾಸಾಬರು.

ಭರಮು ಕೈ ಹಿಂದಕ್ಕೆ ತೆಗೆದ. "ಸಾವಕಾರ್ರ, ಈ ಹನ್ನೊಂದ ಮಂದಿ ಪಾಸ್‌ಪೋರ್ಟ್ ಮೊದಲ ಈ ತಟ್ಟ್ಯಾಗ ಇಡಸ್ರಿ. ಅವರವರದು ಅವರವರು ತಗೋಳ್ಳಿ."

"ಅದು ಬ್ಯಾರೆ ಮಾತು."

"ಅದ ಮಾತ್ರೀ. ನನ್ನ ಪಾಸ್‌ಪೋರ್ಟ್ ಕಳದ ಹೋಗಿಲ್ಲ. ಕಳದೈತಿ ಅಂತ ನಾನ ಬರದ ಕೊಟ್ಟೇನಿ, ಅದು ನನ್ನ ಸುಳ್ಳು. ಲಿಸ್ಬನ್ ಬಸ್‌ಸ್ಟ್ಯಾಂಡಿನ್ಯಾಗ ಈ ನಿಮ್ಮ ಮಗ ಅದನ್ನ ಇಸಕೊಂಡ. ನನ್ನನ್ನ ಒತ್ತಿ ಇಟ್ಟು ತನ್ನ ಕಾಗದ ಮಾಡಿಸ್ಕೊಂಡ."

ವಿಶಾಲ ನಕ್ಕ. "ಮೇಡಮ್ ಹೊರಗ ಹಾಕ್ಯಾಳ ಕಾಣತೈತಿ, ತಲಿ ಕೆಟ್ಟ ಬಂದಾನ." ನಾಲ್ಕಾರು ಮಂದಿ ಕಿಸಕ್ಕನೆ ನಕ್ಕರು. ಪೂನಮ ಸಾಲಿನಿಂದ ಅರ್ಧ ಹೆಜ್ಜೆ ಹೊರಗೆ ಬಂದಳು, ಮುಂದೆ ಬರಲಿಲ್ಲ. ಸುಂದ್ರವ್ವ ನಗಲಿಲ್ಲ, ಅಳಲಿಲ್ಲ. ಸೆರಗನ್ನು ಇನ್ನಷ್ಟು ಬಿಗಿಯಾಗಿ ಹೊದ್ದುಕೊಂಡಳು. ಆ ಸೆರಗಿನ ಅರ್ಥ ಭರಮೂಗೆ ಆಗಲಿಲ್ಲ.

"ಭರಮ್ಯಾ!" ಅಣ್ಣಾಸಾಬರ ಬಾಯಿಂದ ಹಳೆಯ ಹೆಸರು ಹೊರಬಿತ್ತು. "ಕತ್ತರಸ ಅಂದ್ನೆಲ್ಲಲೇ!"

ಭರಮು ಕತ್ತರಿಯನ್ನು ತಟ್ಟೆಯಲ್ಲಿಟ್ಟ. ಒಂದೇ ಕೈಯಿಂದ.

"ನಾ ಕತ್ತರಸೂದಿಲ್ರಿ. ನೀವ ಕತ್ತರಸ್ರಿ, ವರ್ಷಾ ಕತ್ತರಿಸಿದಂಗ, ತಪ್ಪ ಕಣ್ಣಿನ ಮ್ಯಾಲ. ಈ ಸಲ ಸರಿ ಮಾಡಾಕ ನಾ ಬರೂದಿಲ್ಲ."