ಸೇಫ್ಟಿ ಆಫೀಸರನ ಮಧ್ಯಾಹ್ನದ ನಿದ್ದೆ

ಅಬುಧಾಬಿಯಲ್ಲಿ ಒಂದು ತೈಲ ಕಂಪನಿಯ ಸೇಫ್ಟಿ ಆಫೀಸರ್ ನಾನು. ಹನ್ನೊಂದು ವರ್ಷಗಳಿಂದ ಬೇರೆಯವರಿಗೆ ಹೆಲ್ಮೆಟ್ ಹಾಕಿಕೊಳ್ಳಿ ಎಂದು ಹೇಳುವುದೇ ನನ್ನ ಕೆಲಸ. ಮಗಳು ಎಲೀಸಾ ಹುಟ್ಟಿ ಒಂದು ತಿಂಗಳಾದಾಗ ರಜೆ ಸಿಕ್ಕಿತು. ಅಜೆಕಾರಿನ ಮನೆಗೆ ಬಂದು ಕೋಣೆಗೆ ಇಣುಕಿದರೆ, ಹತ್ತಿಯ ಮೆತ್ತನೆಯ ಹಾಸಿಗೆಯಲ್ಲಿ ಹೆಂಡತಿ ಲವೀನಾ ಒಂದು ಕಡೆ, ನನ್ನ ಅಮ್ಮ ಮ್ಯಾಗ್ಡಲಿನ್ ಇನ್ನೊಂದು ಕಡೆ, ನಡುವೆ ನಾಲ್ಕು ದಿಂಬು, ಒಂದು ದಪ್ಪ ಹೊದಿಕೆ. ಇವೆಲ್ಲದರ ಮಧ್ಯೆ ಎಲ್ಲೋ ನನ್ನ ಮಗಳು.

ಮರುದಿನವೇ ಮಗುವನ್ನು ಮಲಗಿಸುವ ಬಗ್ಗೆ ಒಂದು ಚಾರ್ಟ್ ಬರೆದು ಕಪಾಟಿಗೆ ಅಂಟಿಸಿದೆ. ಕೆಂಪು ಅಕ್ಷರಗಳಲ್ಲಿ ಅಪಾಯ, ಹಸಿರಿನಲ್ಲಿ ಪರಿಹಾರ.

"ನಿನ್ನನ್ನು ನನ್ನ ಪಕ್ಕದಲ್ಲೇ ಮಲಗಿಸಿ ಸಾಕಿದ್ದು, ಪುತಾ. ನಿನಗೆ ಎಂತ ಆಗಿದೆ?" ಎಂದರು ಅಮ್ಮ.

"ಏನೂ ಆಗಲಿಲ್ಲ ಅಂದರೆ ಅಪಾಯ ಇರಲಿಲ್ಲ ಅಂತ ಅಲ್ಲ, ಮಮ್ಮಿ," ಎಂದೆ. ಇದು ಅಬುಧಾಬಿಯಲ್ಲಿ ದಿನಾ ಬೆಳಿಗ್ಗೆ ಹೇಳುವ ಮಾತು. ಅಲ್ಲಿ ಎಲ್ಲರೂ ತಲೆಯಾಡಿಸುತ್ತಾರೆ. ಅಮ್ಮ ಮೀನು ಕೊಯ್ಯಲು ಹೋದರು.

ಬಡಗಿ ಭೋಜನಿಗೆ ಅಲುಗಾಡದ ತೊಟ್ಟಿಲು ಮಾಡಲು ಹೇಳಿದೆ. ಅದರ ಸುತ್ತಲಿನ ಸರಳುಗಳ ಅಂತರವನ್ನು ನಾನು ಮೂರು ಸಲ ಅಳೆದದ್ದು ನೋಡಿ ಅವನು, "ಮಾರಾಯ್ರೆ, ಇದು ಮಗುವಿಗಾ, ಕೋಳಿಮರಿಗಾ?" ಎಂದು ಕೇಳಿದ. ತೊಟ್ಟಿಲನ್ನು ಕೋಣೆಯ ಆಚೆ ಗೋಡೆಯ ಬದಿಗಿಟ್ಟು, ಹಾಸಿಗೆಯಿಂದ ಸುರಕ್ಷಿತ ಅಂತರ ಕಾಯ್ದುಕೊಂಡೆ.

ಆ ಅಂತರವನ್ನು ರಾತ್ರಿಗೆ ಆರು ಸಲ ನಡೆದವಳು ಲವೀನಾ. ಎದ್ದು ಹೋಗಿ, ಎತ್ತಿ, ಕುಳಿತು ಹಾಲು ಕೊಟ್ಟು, ಮತ್ತೆ ಮಲಗಿಸಿ ಬರಬೇಕು. ನಾನು ನಿಯಮ ಪಾಲನೆಯಾಗುತ್ತಿದೆಯೇ ಎಂದು ಒಂದು ಕಣ್ಣು ತೆರೆದು ನೋಡಿ ಮಗ್ಗುಲು ಬದಲಿಸುತ್ತಿದ್ದೆ.

ತೊಟ್ಟಿಲು ಬಂದ ನಾಲ್ಕನೇ ದಿನ ಭಾನುವಾರ. ಇಗರ್ಜಿಯಿಂದ ಬಂದು, ಬಂಗುಡೆ ಸಾರಿನಲ್ಲಿ ಎರಡು ಸಲ ಅನ್ನ ಹಾಕಿಸಿಕೊಂಡು ಎದ್ದೆ. ಲವೀನಾ ಮಗುವನ್ನು ನನ್ನ ಕೈಗಿತ್ತು, "ಜೋವಿನ್, ಒಂದು ಗಂಟೆ ಹಿಡಿದುಕೋ. ನನಗೆ ಕಣ್ಣು ಬಿಡಲಿಕ್ಕೆ ಆಗುವುದಿಲ್ಲ," ಎಂದಳು.

"ಒಂದು ಯಾಕೆ, ಎರಡು ಗಂಟೆ ಮಲಗು," ಎಂದು ಉದಾರನಾದೆ. ಸೋಫಾದಲ್ಲಿ ಒರಗಿ, ಮಗುವನ್ನು ಎದೆಯ ಮೇಲೆ ಹಾಕಿಕೊಂಡೆ. ಫ್ಯಾನು ತಿರುಗುತ್ತಿತ್ತು. ಅಷ್ಟೇ ನೆನಪು.

ಎಚ್ಚರವಾದಾಗ ಅಮ್ಮ ನನ್ನ ತೋಳನ್ನು ಎಳೆಯುತ್ತಿದ್ದರು. ಮಗು ಎದೆಯಿಂದ ಜಾರಿ, ನನ್ನ ತೋಳಿಗೂ ಸೋಫಾದ ಬೆನ್ನಿಗೂ ನಡುವಿನ ಸಂದಿಗೆ ಇಳಿದಿತ್ತು. ಮುಖ ಕುಶನ್‌ಗೆ ಒತ್ತಿಕೊಂಡಿತ್ತು. ಅಮ್ಮ ಎತ್ತಿಕೊಂಡರು. ಒಂದು ಕ್ಷಣ ಶಬ್ದವಿಲ್ಲ. ಆಮೇಲೆ ಎಲೀಸಾ ಕಿರುಚಿ ಅತ್ತಳು. ನಾನು ನೆಲದ ಮೇಲೆ ಕುಳಿತುಬಿಟ್ಟೆ.

ಅಮ್ಮ ಬೈಯಲಿಲ್ಲ. ಮಗುವಿನ ಬೆನ್ನು ತಟ್ಟುತ್ತಾ, "ಗೊರಕೆ ಕೇಳಿ ಬಂದೆ," ಎಂದರು. ಅಳು ನಿಂತ ಮೇಲೆ, "ಲವೀನಾಳಿಗೆ ನಾನು ಹೇಳುವುದಿಲ್ಲ," ಎಂದರು.

ಆ ಮಾತು ಕೇಳಿ ಮೊದಲು ಹಾಯೆನಿಸಿದ್ದು ನಿಜ. ಆದರೆ ನಮ್ಮ ಕಂಪನಿಯಲ್ಲಿ ಅಪಘಾತ ಕೂದಲೆಳೆಯಲ್ಲಿ ತಪ್ಪಿದ್ದನ್ನು ಮುಚ್ಚಿಟ್ಟವನ ಕೆಲಸ ಹೋಗುತ್ತದೆ. ಹಾಗೆ ಇಬ್ಬರನ್ನು ಮನೆಗೆ ಕಳುಹಿಸಿದವನು ನಾನೇ. ಸಂಜೆ ಚಹಾ ಕುಡಿಯುವಾಗ ಲವೀನಾಳಿಗೆ ಎಲ್ಲವನ್ನೂ ಹೇಳಿದೆ. ಅವಳು ಮಗುವನ್ನು ಅವುಚಿಕೊಂಡು ಅತ್ತಳು. ಎರಡು ದಿನ ನನ್ನೊಡನೆ ಬೇಕಾದಷ್ಟೇ ಮಾತಾಡಿದಳು.

ಸೋಮವಾರವೇ ಕಾರ್ಕಳದ ಮಕ್ಕಳ ಡಾಕ್ಟರ್ ಮೇಧಾ ಅವರಲ್ಲಿಗೆ ಹೋದೆವು. ಅವರು ತೊಟ್ಟಿಲಿಂದ ಸೋಫಾದವರೆಗಿನ ಕಥೆಯೆಲ್ಲ ಕೇಳಿ, ಮಗುವನ್ನು ನೋಡಿ, ಏನೂ ತೊಂದರೆಯಿಲ್ಲ ಎಂದು ಹೇಳಿದ ಮೇಲೆ ನನ್ನ ಕಡೆ ತಿರುಗಿದರು.

"ತೊಟ್ಟಿಲು ಒಳ್ಳೆಯದೇ. ಮಗುವಿಗೆ ಬೇರೆ ಜಾಗ ಬೇಕು. ಆದರೆ ಅಷ್ಟು ದೂರ ಯಾಕೆ? ತಾಯಿಯ ಕೈಗೆ ಸಿಗುವ ಹಾಗೆ ಇಡಿ. ಸೋಫಾದಲ್ಲಿ ಮಗುವನ್ನು ಹಿಡಿದು ನಿದ್ದೆ ಮಾಡುವುದು ಹಾಸಿಗೆಗಿಂತ ಎಷ್ಟೋ ಹೆಚ್ಚು ಅಪಾಯ. ಹಾಲು ಕೊಡುವಾಗ ಇವರಿಗೆ ನಿದ್ದೆ ಬರಬಹುದು ಅಲ್ವಾ? ಅದಕ್ಕೇ ಹಾಸಿಗೆಯಲ್ಲೇ ಕೊಡಲಿ, ಆ ಹಾಸಿಗೆ ಗಟ್ಟಿಯದಿರಲಿ. ದಿಂಬು, ಹೊದಿಕೆ ಮಗುವಿನ ಹತ್ತಿರ ಬೇಡವೇ ಬೇಡ. ಇವರಿಗೆ ಎಚ್ಚರವಾದ ಕೂಡಲೇ ಮಗು ತೊಟ್ಟಿಲಿಗೆ, ಅಂಗಾತ."

"ಇದೆಲ್ಲ ನನ್ನ ಚಾರ್ಟಿನಲ್ಲಿ ಉಂಟು, ಡಾಕ್ಟರ್," ಎಂದೆ. ಸೋಫಾ ಮಾತ್ರ ಇರಲಿಲ್ಲ ಎಂದು ಹೇಳಲಿಲ್ಲ.

"ಒಳ್ಳೆಯದು. ರಾತ್ರಿ ನೀವು ಎಷ್ಟು ಸಲ ಏಳುತ್ತೀರಿ?"

ಲವೀನಾ ನನ್ನನ್ನೇ ನೋಡುತ್ತಿದ್ದಳು. ನಾನು ಗೋಡೆಯ ಮೇಲಿದ್ದ ಲಸಿಕೆಯ ಪಟ್ಟಿಯನ್ನು ಶ್ರದ್ಧೆಯಿಂದ ಓದಿದೆ.

ಅಂದಿನಿಂದ ತೊಟ್ಟಿಲು ಲವೀನಾಳ ಮಗ್ಗುಲಿಗೆ ಬಂತು. ಮಗುವನ್ನು ಎತ್ತಿ ಅವಳ ಕೈಗೆ ಕೊಡುವುದು, ತೇಗು ಬರಿಸಿ ಮತ್ತೆ ಮಲಗಿಸುವುದು ನನ್ನ ಪಾಲಿಗೆ. ಒಂದು ವಾರದಲ್ಲಿ ಹಲ್ಲುಜ್ಜಲು ಶೇವಿಂಗ್ ಕ್ರೀಮ್ ಹಾಕಿಕೊಳ್ಳುವ ಸ್ಥಿತಿಗೆ ಬಂದೆ. ಇವಳು ಇಷ್ಟು ದಿನ ಒಬ್ಬಳೇ ಹೇಗೆ ನಿಭಾಯಿಸಿದಳೋ!

ಒಂದು ಬೆಳಿಗ್ಗೆ ಲವೀನಾ ಗಾಬರಿಯಿಂದ ಎದ್ದಳು. ನಾಲ್ಕು ಗಂಟೆ ಒಂದೇ ಸಮನೆ ನಿದ್ದೆ ಮಾಡಿದ್ದಳು. ತೊಟ್ಟಿಲಲ್ಲಿ ಮಗು ಉಸಿರಾಡುತ್ತಾ ಮಲಗಿತ್ತು. ಪಕ್ಕದ ಪ್ಲಾಸ್ಟಿಕ್ ಕುರ್ಚಿಯಲ್ಲಿ ನಾನು, ಹೆಗಲ ಮೇಲೆ ಟವೆಲು ಹಾಕಿಕೊಂಡು, ಪೂರ್ತಿ ಎಚ್ಚರವಾಗಿ, ಹೊಗಳಿಕೆಯ ನಿರೀಕ್ಷೆಯಲ್ಲಿ ನೆಟ್ಟಗೆ ಕುಳಿತಿದ್ದೆ.

ಅವಳು ಮಗುವನ್ನು ನೋಡಿದಳು, ನನ್ನನ್ನು ನೋಡಿದಳು.

"ಅಂಗಿ ಉಲ್ಟಾ ಹಾಕಿದ್ದಿ," ಎಂದು ನಗುತ್ತಾ, ಇನ್ನೊಂದು ಗಳಿಗೆ ಮಲಗಲು ಮಗ್ಗುಲಾದಳು.